ಕಫ ಓಡಾಡಲಿ, ಮಗು ಮನೆಯಲ್ಲಿರಲಿ



ಹದಿಹರೆಯದ ಮಗ ಅಥವಾ ಮಗಳ ಎದೆಯ ಸೋಂಕು ತಿಂಗಳುಗಟ್ಟಲೆ ವಾಸಿಯಾಗದಿದ್ದಾಗ ತಂದೆತಾಯಿ ಮೊದಲು ಕೇಳುವುದು, ‘ಇದಕ್ಕೆ ದೊಡ್ಡ ಡಾಕ್ಟರು ಎಲ್ಲಿದ್ದಾರೆ?’ ಎಂದು. ಬೆಂಗಳೂರೋ, ವೆಲ್ಲೂರೋ, ಮುಂಬಯಿಯೋ ಎಂದು ನೆಂಟರಿಷ್ಟರನ್ನೆಲ್ಲ ವಿಚಾರಿಸುತ್ತಾರೆ. ಒಡವೆ ಅಡವಿಟ್ಟು, ಎಕ್ಸ್‌ರೇ ಫಿಲ್ಮುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿಕೊಂಡು, ಜ್ವರದ ಮಗುವನ್ನು ರಾತ್ರಿ ಬಸ್ಸು ಹತ್ತಿಸುತ್ತಾರೆ. ಶ್ವಾಸಕೋಶದ ವೈದ್ಯನಾಗಿ ಅಂಥ ಚೀಲಗಳನ್ನು ಬಿಚ್ಚಿ ಓದುವುದೇ ನನ್ನ ದಿನದ ಕೆಲಸ. ಓದುತ್ತ ಓದುತ್ತ ಗಟ್ಟಿಯಾದ ಒಂದು ಮಾತನ್ನು ಇಲ್ಲಿ ತುಮಕೂರಿನಲ್ಲಿ ಹೇಳಬೇಕೆಂದು ಬಂದಿದ್ದೇನೆ. ಇಂಥ ಕಾಯಿಲೆಯಲ್ಲಿ ಊರೂರು ಸುತ್ತಬೇಕಾದದ್ದು ಕಫದ ಮಾದರಿ. ಅದರ ಹಿಂದೆ ತಜ್ಞರ ತಿಳಿವಳಿಕೆ ಸುತ್ತಬೇಕು, ಔಷಧ ಸುತ್ತಬೇಕು. ಮಗು ಮನೆಯಲ್ಲಿ ಮಲಗಿರಬೇಕು.

2016ರ ಡಿಸೆಂಬರಿನಲ್ಲಿ ಪಟ್ನಾದ ತಂದೆಯೊಬ್ಬರು ದೆಹಲಿ ಹೈಕೋರ್ಟಿಗೆ ಅರ್ಜಿ ಹಾಕಿದರು. ಮಗಳಿಗೆ 18 ವರ್ಷ. ಹದಿಹರೆಯ ಶುರುವಾದಾಗಿನಿಂದ ಕ್ಷಯ. ಒಂದರ ಹಿಂದೊಂದು ಔಷಧ ಸೋತು, ಕೊನೆಗೆ ಅತಿ ತೀವ್ರ ಔಷಧ ನಿರೋಧಕ ಕ್ಷಯ ಎಂಬ ಹಂತಕ್ಕೆ ಬಂದು ನಿಂತಿತ್ತು. ಬೆಡಾಕ್ವಿಲಿನ್ ಎಂಬ ಹೊಸ ಮಾತ್ರೆ ಆಗ ದೇಶದ ಕೆಲವೇ ಆಸ್ಪತ್ರೆಗಳಲ್ಲಿ, ಸರ್ಕಾರದ ನಿಯಂತ್ರಣದಲ್ಲಿ ಸಿಗುತ್ತಿತ್ತು. ಆ ಕುಟುಂಬ ಅದನ್ನು ಹುಡುಕಿಕೊಂಡು ದೆಹಲಿಗೆ ಬಂತು. ನೀವು ದೆಹಲಿಯ ನಿವಾಸಿಗಳಲ್ಲ ಎಂಬ ಆಕ್ಷೇಪ ಬಂತು. ನಮ್ಮ ಪ್ರಯೋಗಾಲಯದಲ್ಲಿ ಇನ್ನೊಮ್ಮೆ ಔಷಧ ಸಂವೇದನೆ ಪರೀಕ್ಷೆ ಆಗಬೇಕು ಎಂಬ ಷರತ್ತೂ ಬಂತು. ಆ ಪರೀಕ್ಷೆಗೆ ಕಫದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡಬೇಕು, ವಾರಗಟ್ಟಲೆ ಹಿಡಿಯುತ್ತದೆ. ಅಷ್ಟು ಕಾಯುವುದು ಹುಡುಗಿಯ ಜೀವಕ್ಕೇ ಅಪಾಯ ಎಂದು ಹಾರ್ವರ್ಡ್‌ನ ವೈದ್ಯೆ ಜೆನಿಫರ್ ಫ್ಯೂರಿನ್ ನ್ಯಾಯಾಲಯಕ್ಕೆ ಬರೆದುಕೊಟ್ಟರು. 2017ರ ಜನವರಿಯಲ್ಲಿ ಎರಡೂ ಕಡೆಯವರು ಒಪ್ಪಿ, ಮುಂಬಯಿಯಲ್ಲಿ ಡಾ. ಜರೀರ್ ಉದ್ವಾಡಿಯಾ ಅವರ ಬಳಿ ಆಕೆಗೆ ಆ ಮಾತ್ರೆ ಸಿಕ್ಕಿತು. ಅಷ್ಟರಲ್ಲಿ ಶ್ವಾಸಕೋಶ ಬಹಳ ಹಾಳಾಗಿತ್ತು. 2018ರ ಅಕ್ಟೋಬರಿನಲ್ಲಿ ಆಕೆ ತೀರಿಕೊಂಡಳು.

ಈ ಕಥೆಯಲ್ಲಿ ತಜ್ಞರಿದ್ದರು, ಔಷಧವಿತ್ತು, ಕೊನೆಗೆ ನ್ಯಾಯಾಲಯವೂ ಇತ್ತು. ಪಟ್ನಾದಿಂದ ದೆಹಲಿ, ದೆಹಲಿಯಿಂದ ಮುಂಬಯಿ ಎಂದು ಮೈಯಲ್ಲಿ ಶಕ್ತಿಯಿಲ್ಲದ ಹುಡುಗಿಯೇ ಅವುಗಳ ಬಳಿ ಹೋಗಬೇಕಾಯಿತು. ವಾಸಸ್ಥಳದ ದಾಖಲೆ ಕೇಳುವ ನಿಯಮಗಳು ಎಷ್ಟೋ ಕಡೆ ಬೇಕಾಗಬಹುದು. ಗಾಳಿಯಲ್ಲಿ ಹರಡುವ ರೋಗಕ್ಕೆ ಅದನ್ನು ಕೇಳಿ ಬಾಗಿಲು ಹಾಕುವುದನ್ನು ಮಾತ್ರ ನಾನು ಯಾವ ಕಾರಣಕ್ಕೂ ಒಪ್ಪಲಾರೆ.

ಅದೇ 2018ರಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯಲ್ಲಿ ಹದಿಹರೆಯದ ಇನ್ನೊಬ್ಬ ಹುಡುಗಿ ಇದ್ದಳು. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟು ಕಾಯಿಲೆ, ಅದರ ಮೇಲೆ ವರ್ಷಗಳಿಂದ ಜಗ್ಗದೆ ಕೂತ ಮೈಕೋಬ್ಯಾಕ್ಟೀರಿಯಂ ಆಬ್ಸೆಸಸ್ ಸೋಂಕು. ಇದು ಕ್ಷಯದ ರೋಗಾಣುವಿನ ದೂರದ ದಾಯಾದಿ, ಔಷಧಗಳಿಗೆ ಬಗ್ಗದಿರುವುದರಲ್ಲಿ ಅದಕ್ಕಿಂತ ಹಟಮಾರಿ. ಎರಡೂ ಶ್ವಾಸಕೋಶಗಳನ್ನು ಬದಲಿಸಿದ ಮೇಲೂ ಸೋಂಕು ಮರಳಿ ಬಂದು ಗಾಯದ ಜಾಗಕ್ಕೆ, ಪಿತ್ತಜನಕಾಂಗಕ್ಕೆ ಹಬ್ಬಿತು. ವೈದ್ಯರು ರೋಗಾಣುವಿನ ಮಾದರಿಯನ್ನು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿದ್ದ ಗ್ರಹಾಂ ಹ್ಯಾಟ್‌ಫುಲ್ ಎಂಬ ವಿಜ್ಞಾನಿಗೆ ಕಳಿಸಿದರು. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಫೇಜ್ ಎಂಬ ವೈರಸ್ಸುಗಳ ದೊಡ್ಡ ಸಂಗ್ರಹ ಅವರಲ್ಲಿತ್ತು, ಅದರಲ್ಲಿ ಬಹುಪಾಲು ಕಾಲೇಜು ವಿದ್ಯಾರ್ಥಿಗಳು ಮಣ್ಣಿನಿಂದ ಹೆಕ್ಕಿ ತಂದದ್ದು. ಅವುಗಳಲ್ಲಿ ಮೂರು ಫೇಜ್‌ಗಳನ್ನು ಆರಿಸಿ, ಎರಡನ್ನು ಪ್ರಯೋಗಾಲಯದಲ್ಲಿ ತಿದ್ದಿ, ಮದ್ದು ಮಾಡಿ ಕಳಿಸಿದರು. ತಿದ್ದುವ ಅಗತ್ಯವೇ ಇಲ್ಲದಿದ್ದ ಮೂರನೆಯದು ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ಕೊಳೆತ ಬದನೆಕಾಯಿಯೊಂದರ ತಳದಲ್ಲಿ ಸಿಕ್ಕಿತ್ತು. ಜೂನ್ ತಿಂಗಳಲ್ಲಿ ರಕ್ತನಾಳದ ಮೂಲಕ ಕೊಡಲು ಶುರುಮಾಡಿದರು. ಕೆಲವೇ ದಿನಗಳಲ್ಲಿ ಹುಡುಗಿ ಮನೆಗೆ ಹೋಗಿ ಅಲ್ಲಿಂದಲೇ ಚಿಕಿತ್ಸೆ ಮುಂದುವರಿಸಿದಳು. 2019ರಲ್ಲಿ ಇದು ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಫೇಜ್ ಚಿಕಿತ್ಸೆ ಎಲ್ಲರಿಗೂ ಆಗುವಂಥದ್ದಲ್ಲ. ಆ ಹುಡುಗಿಯ ಸೋಂಕು ಕೂಡ ಆಗಲೇ ಪೂರ್ತಿ ಅಳಿದಿರಲಿಲ್ಲ. ಮಾದರಿ ಸಾಗರ ದಾಟಿತು, ಮದ್ದು ಸಾಗರ ದಾಟಿ ಬಂತು, ಮಗು ತನ್ನ ದೇಶದಲ್ಲಿಯೇ ಇತ್ತು. ನನಗೆ ಮುಖ್ಯವಾದದ್ದು ಇಷ್ಟು. ಅದು ಶ್ರೀಮಂತ ದೇಶ, ನಮ್ಮಲ್ಲಿ ಅದೆಲ್ಲ ಎಲ್ಲಿ ಸಾಧ್ಯ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಆದರೆ ರೋಗಿಯನ್ನು ಮನೆಯಲ್ಲೇ ಇಟ್ಟು ಚಿಕಿತ್ಸೆಯನ್ನು ಅವನ ಬಳಿಗೆ ಒಯ್ಯಬಹುದೆಂದು ಕ್ಷಯದ ವಿಷಯದಲ್ಲಿ ಜಗತ್ತಿಗೆ ತೋರಿಸಿಕೊಟ್ಟವರು ನಾವು.

1956ರಲ್ಲಿ ಮದ್ರಾಸಿನಲ್ಲಿ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ ಶುರುವಾಯಿತು. ಅಲ್ಲಿಯವರೆಗೆ ಕ್ಷಯವೆಂದರೆ ಸ್ಯಾನಟೋರಿಯಂ: ಒಳ್ಳೆಯ ಗಾಳಿ, ಹಾಲು ಮೊಟ್ಟೆ, ತಿಂಗಳಾನುಗಟ್ಟಲೆ ಹಾಸಿಗೆ. ಮೈಸೂರಿನ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಟೋರಿಯಂ ನಿಮಗೆಲ್ಲ ಗೊತ್ತು. ಅವರನ್ನೂ ಅವರ ಹೆಣ್ಣುಮಕ್ಕಳನ್ನೂ ಈ ರೋಗ ಒಯ್ದಿತ್ತು. ಅರಮನೆಯನ್ನೂ ಬಿಡದ ರೋಗಕ್ಕೆ ಹಾಸಿಗೆಗಳು ಎಲ್ಲಿ ಸಾಲಬೇಕು? ಮದ್ರಾಸಿನ ತಂಡ ಒಂದು ಗುಂಪಿಗೆ ಸ್ಯಾನಟೋರಿಯಂನಲ್ಲಿ, ಇನ್ನೊಂದು ಗುಂಪಿಗೆ ಅವರ ಇಕ್ಕಟ್ಟಿನ ಮನೆಗಳಲ್ಲಿ ಅದೇ ಔಷಧವನ್ನು ಒಂದು ವರ್ಷ ಕೊಟ್ಟಿತು. 1959ರಲ್ಲಿ ಫಲಿತಾಂಶ ಬಂತು. ಬಡವರ ಮನೆಯಲ್ಲಿ, ಬಡವರ ಊಟ ಉಂಡುಕೊಂಡೇ ಹೆಚ್ಚು ಕಡಿಮೆ ಅಷ್ಟೇ ಮಂದಿ ಗುಣವಾಗಿದ್ದರು. ಮನೆಯವರಿಗೆ ರೋಗ ಅಂಟುವುದೂ ಅದರಿಂದ ಹೆಚ್ಚಾಗಿರಲಿಲ್ಲ. ಜಗತ್ತಿನ ಸ್ಯಾನಟೋರಿಯಂಗಳು ಬಾಗಿಲು ಮುಚ್ಚಿದ್ದರಲ್ಲಿ ಈ ಫಲಿತಾಂಶದ ಪಾಲು ದೊಡ್ಡದು.

ಎರಡನೆಯ ಪಾಠ ನಿಮ್ಮ ಜಿಲ್ಲೆಯದೇ. ಬೆಂಗಳೂರಿನಲ್ಲಿ 1959ರಲ್ಲಿ ಹುಟ್ಟಿದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ಇದ್ದವರನ್ನು ಮನೆಮನೆಗೆ ಹೋಗಿ ಮಾತಾಡಿಸಿದರು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂದು ಆಗ ಎಲ್ಲರೂ ನಂಬಿದ್ದರು. 1963ರಲ್ಲಿ ಪ್ರಕಟವಾದ ಆ ಅಧ್ಯಯನ ಬೇರೆಯೇ ಹೇಳಿತು. ಬಹುತೇಕ ಎಲ್ಲರಿಗೂ ತಮ್ಮ ದೇಹಕ್ಕೆ ಏನೋ ಆಗಿದೆ ಎಂದು ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆ ಬಾಗಿಲಿಗೆ ಹೋಗಿಬಂದಿದ್ದರು. ಅಲ್ಲಿ ಅವರಿಗೆ ಕೊಟ್ಟು ಕಳಿಸಿದ್ದು ಕೆಮ್ಮಿನ ಔಷಧದ ಬಾಟಲಿ.

ಅರುವತ್ತು ವರ್ಷ ಮೀರಿತು. ನಾನು ಬಿಚ್ಚುವ ಚೀಲಗಳಲ್ಲಿ ಇವತ್ತಿಗೂ ಮೊದಲ ಚೀಟಿ ಕೆಮ್ಮಿನ ಸಿರಪ್ಪಿನದು. ಹತ್ತನೆಯ ತರಗತಿಯ ಹುಡುಗಿಗೆ ಕೆಮ್ಮು ಎಂದರೆ ಮೊದಲ ಭೇಟಿಯಲ್ಲಿ ‘ವೈರಲ್’. ಎರಡನೆಯ ಭೇಟಿಯಲ್ಲಿ ‘ಅಲರ್ಜಿ, ಗೂರಲು’, ಒಂದು ಇನ್‌ಹೇಲರ್. ಮೂರನೆಯ ಭೇಟಿಯಲ್ಲಿ ಲೆವೊಫ್ಲಾಕ್ಸಸಿನ್ ಜಾತಿಯ ಆಂಟಿಬಯಾಟಿಕ್. ಈ ಮೂರನೆಯದರ ಬಗ್ಗೆ ಇಲ್ಲಿರುವ ವೈದ್ಯಮಿತ್ರರಿಗೆ ಕೈಮುಗಿದು ಹೇಳುತ್ತೇನೆ. ಆ ಔಷಧ ಕ್ಷಯದ ರೋಗಾಣುವನ್ನೂ ಅಷ್ಟಿಷ್ಟು ಹೊಡೆಯುತ್ತದೆ. ಜ್ವರ ಇಳಿಯುತ್ತದೆ, ಹುಡುಗಿ ಶಾಲೆಗೆ ಹೋಗುತ್ತಾಳೆ, ಕಫ ಪರೀಕ್ಷೆ ಮಾಡಿದರೂ ರೋಗಾಣು ಕಾಣದೆ ಹೋಗಬಹುದು. ತಿಂಗಳ ನಂತರ ಕೆಮ್ಮು ಮರಳಿದಾಗ, ನಿರೋಧಕ ಕ್ಷಯಕ್ಕೆಂದು ನಾವು ಕಾಪಿಟ್ಟುಕೊಂಡ ಆ ಔಷಧಕ್ಕೂ ರೋಗಾಣು ಒಗ್ಗಿಹೋಗಿರುವ ಅಪಾಯವಿದೆ. ಎರಡು ವಾರ ಮೀರಿದ ಕೆಮ್ಮಿಗೆ ಕಫ ನೋಡದೆ ಆ ಮಾತ್ರೆ ಬರೆಯಬೇಡಿ.

ಹದಿಹರೆಯದಲ್ಲೇ ಈ ರೋಗ ಯಾಕೆ ಹೀಗೆ ಎರಗುತ್ತದೆ? ಐದರಿಂದ ಹತ್ತು ವರ್ಷದ ಮಕ್ಕಳಲ್ಲಿ ಸೋಂಕು ತಗಲಿದರೂ ರೋಗವಾಗುವುದು ಕಡಿಮೆ. ಮೈನೆರೆಯುವ ವಯಸ್ಸು ಬಂದಂತೆ ಅದು ಏರುತ್ತದೆ. ಆಗ ಬರುವ ರೋಗ ಚಿಕ್ಕ ಮಕ್ಕಳದರಂತಿರುವುದಿಲ್ಲ. ದೊಡ್ಡವರಲ್ಲಿ ಕಾಣುವ ಹಾಗೆ ಶ್ವಾಸಕೋಶದ ಮೇಲ್ಭಾಗದಲ್ಲಿ ಗುಳಿ ಬೀಳುತ್ತದೆ, ಕಫದಲ್ಲಿ ರೋಗಾಣು ತುಂಬುತ್ತದೆ. ಮಕ್ಕಳ ವೈದ್ಯರು ಇವಳು ದೊಡ್ಡವಳಾದಳು ಎನ್ನುತ್ತಾರೆ, ದೊಡ್ಡವರ ವೈದ್ಯರು ಇನ್ನೂ ಮಗು ಎನ್ನುತ್ತಾರೆ. ಔಷಧಗಳ ಪ್ರಯೋಗಗಳಲ್ಲೂ ಇದೇ ಕಥೆ. ಬೆಡಾಕ್ವಿಲಿನ್‌ಗೆ ಅಮೆರಿಕದಲ್ಲಿ 2012ರ ಕೊನೆಗೆ ಅನುಮತಿ ಸಿಕ್ಕಿತು, 18 ತುಂಬಿದವರಿಗೆ ಮಾತ್ರ. 12 ವರ್ಷದವರೆಗೆ ಅದು ಇಳಿಯಲು 2019 ಆಗಬೇಕಾಯಿತು. ಆ ನಡುವಿನ ವರ್ಷಗಳಲ್ಲಿ 15, 16ರ ಎಷ್ಟು ಮಕ್ಕಳು ಹುಟ್ಟುಹಬ್ಬಕ್ಕಾಗಿ ಕಾದಿರಬಹುದು ಎಂದು ಯೋಚಿಸಿದರೆ ನನಗೆ ಸಂಕಟವಾಗುತ್ತದೆ.

ಇನ್ನು ಪರೀಕ್ಷೆಯ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಮನೆಯವರು ತಿಳಿದಿರಬೇಕಾದದ್ದು ಇದೇ.

ಸೂಕ್ಷ್ಮದರ್ಶಕದಲ್ಲಿ ಕಫ ನೋಡುವ ಪರೀಕ್ಷೆ ರಾಬರ್ಟ್ ಕಾಕ್ 1882ರಲ್ಲಿ ಈ ರೋಗಾಣುವನ್ನು ಕಂಡ ಕಾಲದ್ದು. ರೋಗಾಣು ಇದೆಯೇ ಎಂದು ಅದು ಹೇಳೀತು, ಯಾವ ಔಷಧಕ್ಕೆ ಸಾಯುತ್ತದೆ ಎಂದು ಹೇಳಲಾರದು. ಸಿಬಿನಾಟ್, ಮತ್ತು ಗೋವಾದ ಕಂಪನಿಯೊಂದು ರೂಪಿಸಿದ ಟ್ರೂನಾಟ್ ಎಂಬ ಯಂತ್ರಗಳು ರೋಗಾಣುವಿನ ವಂಶವಾಹಿಯನ್ನೇ ಓದುತ್ತವೆ. ರಿಫಾಂಪಿಸಿನ್ ಎಂಬ ಮುಖ್ಯ ಔಷಧ ಕೆಲಸ ಮಾಡುತ್ತದೆಯೇ ಇಲ್ಲವೇ ಎಂದು ಅದೇ ದಿನ ಹೇಳುತ್ತವೆ. ಉಳಿದ ಕೆಲವು ಔಷಧಗಳಿಗೆ ಲೈನ್ ಪ್ರೋಬ್ ಪರೀಕ್ಷೆ ಇದೆ. ಅದಕ್ಕೂ ಮುಂದೆ ದ್ರವ ಮಾಧ್ಯಮದಲ್ಲಿ ರೋಗಾಣು ಬೆಳೆಸುವ ಕಲ್ಚರ್, ಇದಕ್ಕೆ 42 ದಿನಗಳವರೆಗೂ ಕಾಯುತ್ತಾರೆ. ಟ್ರೂನಾಟ್ ಯಂತ್ರ ಚಿಕ್ಕದು, ಬ್ಯಾಟರಿಯಲ್ಲೂ ನಡೆಯುತ್ತದೆ, ತಾಲ್ಲೂಕು ಮಟ್ಟದಲ್ಲಿ ಇಡಬಹುದು. ಕಲ್ಚರ್ ಬೇಕಾದರೆ ಕಫವನ್ನು ಬಿಗಿ ಮುಚ್ಚಳದ ಕೊಳವೆಯಲ್ಲಿ ಹಾಕಿ, ಮೂರು ಪದರ ಸುತ್ತಿ, ಐಸ್ ಜೆಲ್ ಇಟ್ಟು ದೊಡ್ಡ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ನಮ್ಮ ರಾಜ್ಯಕ್ಕೆ ಬೆಂಗಳೂರಿನ ಲೇಡಿ ವಿಲ್ಲಿಂಗ್ಡನ್ ಕೇಂದ್ರದಲ್ಲಿ ಅಂಥ ಪ್ರಯೋಗಾಲಯವಿದೆ. ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯದು ರಾಷ್ಟ್ರ ಮಟ್ಟದ್ದು. ಪಾವಗಡದ ಹುಡುಗನ ಕಫ ಅಲ್ಲಿಗೆ ಹೋಗಬಹುದು. ಹುಡುಗ ಹೋಗಬೇಕಿಲ್ಲ.

ಇಷ್ಟೆಲ್ಲ ಇದ್ದೂ ಮಾದರಿ ಎಲ್ಲಿ ಕೆಡುತ್ತದೆಂದರೆ ಡಬ್ಬಿಯಲ್ಲೇ. ಮಕ್ಕಳು ನಾಚಿಕೆಯಿಂದ ಎಂಜಲು ಉಗಿದು ಕೊಡುತ್ತಾರೆ. ಬೆಳಿಗ್ಗೆ ಎದ್ದು, ಬಾಯಿ ಮುಕ್ಕಳಿಸಿ, ಎರಡು ಸಲ ಆಳವಾಗಿ ಉಸಿರೆಳೆದು, ಎದೆಯಿಂದ ಕೆಮ್ಮಿ ತೆಗೆದ ಗಟ್ಟಿ ಕಫ ಬೇಕು. ಬಯಲಲ್ಲಿ, ಇತರರಿಂದ ದೂರ ನಿಂತು ತೆಗೆಯಬೇಕು. ಹೀಗೆಂದು ಆ ಹುಡುಗನಿಗೆ ಹತ್ತು ನಿಮಿಷ ಕೂತು ಹೇಳುವ ಒಬ್ಬ ಆಶಾ ಕಾರ್ಯಕರ್ತೆ ನನ್ನ ಕಣ್ಣಿಗೆ ಅರ್ಧ ತಜ್ಞೆ. ಹುಡುಗನಿಗೆ ಕಫವೇ ಬರದಿದ್ದರೆ ಉಪ್ಪುನೀರಿನ ಆವಿ ಕೊಟ್ಟು ಬರಿಸುವ ವಿಧಾನವಿದೆ. ಕಫ ಬರಲಿಲ್ಲವೆಂದು ಅಂದಾಜಿನ ಮೇಲೆ ಆರು ತಿಂಗಳ ಮಾತ್ರೆ ಶುರುಮಾಡುವ ಮುನ್ನ ಅದನ್ನು ಮಾಡಿ ನೋಡಬೇಕು.

ಅಂದಾಜಿನ ಚಿಕಿತ್ಸೆ ಯಾಕೆ ಅಪಾಯ ಎಂದರೆ, ಹೊಲದಲ್ಲಿ ಮೆತ್ತಗಿನ ಕಳೆಯನ್ನಷ್ಟೇ ಕಿತ್ತು ಗರಿಕೆಯನ್ನು ಬಿಟ್ಟರೆ ಮುಂದಿನ ಮಳೆಗೆ ಹೊಲವೆಲ್ಲ ಗರಿಕೆಯೇ ಆಗುತ್ತದೆ. ಕ್ಷಯಕ್ಕೆ ಕೊಡುವ ನಾಲ್ಕು ಔಷಧಗಳಲ್ಲಿ ಎರಡು ಮೊದಲೇ ಕೆಲಸ ಮಾಡದಿದ್ದರೆ ಉಳಿದೆರಡನ್ನೂ ರೋಗಾಣು ಸೋಲಿಸಿಬಿಡುತ್ತದೆ. ‘ಇನ್ನೆರಡು ತಿಂಗಳು ಮುಂದುವರಿಸಿ ನೋಡೋಣ’ ಎಂದು ಒಂದೊಂದೇ ಔಷಧ ಸೇರಿಸುತ್ತ ಹೋಗುವುದು ಇನ್ನೂ ಕೆಟ್ಟದ್ದು. ಪಟ್ನಾದ ಹುಡುಗಿಯಂಥವರು ರೂಪುಗೊಳ್ಳುವುದು ಹಾಗೆ. ಡಾ. ಉದ್ವಾಡಿಯಾ 2012ರಲ್ಲೇ, ತಾವು ನೋಡಿದ ಯಾವ ಔಷಧಕ್ಕೂ ಬಗ್ಗದ ರೋಗಿಗಳ ಬಗ್ಗೆ ಬರೆದು ದೇಶವನ್ನು ಎಚ್ಚರಿಸಿದ್ದರು. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ನಮ್ಮ ದೇಶದಲ್ಲಿದ್ದಾರೆ ಎಂಬುದನ್ನು ಇದರ ಜೊತೆಗಿಟ್ಟು ನೋಡಿ.

ನಿರೋಧಕ ಕ್ಷಯಕ್ಕೆ ಮೊದಲೆಲ್ಲ ತಿಂಗಳಾನುಗಟ್ಟಲೆ ಕನಾಮೈಸಿನ್ ಚುಚ್ಚುಮದ್ದು ಕೊಡುತ್ತಿದ್ದೆವು. ಎಷ್ಟೋ ಮಕ್ಕಳ ಕಿವಿ ಹೋಯಿತು. ಮುಂಬಯಿಯ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕಾದ ಫುಮೇಜಾ ಟಿಸಿಲೆ ಇಬ್ಬರೂ ಕ್ಷಯದಿಂದ ಬದುಕುಳಿದು, ಆ ಬಗೆಯ ಚುಚ್ಚುಮದ್ದಿನಿಂದ ಕೇಳುವ ಶಕ್ತಿ ಕಳೆದುಕೊಂಡವರು. ಬೆಡಾಕ್ವಿಲಿನ್ ಮೇಲಿನ ಪೇಟೆಂಟನ್ನು ಇನ್ನೂ ನಾಲ್ಕು ವರ್ಷ ಲಂಬಿಸಲು ಕಂಪನಿ ಹಾಕಿದ್ದ ಅರ್ಜಿಯನ್ನು ಈ ಇಬ್ಬರು ಯುವತಿಯರು ಪ್ರಶ್ನಿಸಿದರು. 2023ರ ಮಾರ್ಚಿನಲ್ಲಿ ಭಾರತದ ಪೇಟೆಂಟ್ ಕಚೇರಿ ಆ ಅರ್ಜಿಯನ್ನು ತಿರಸ್ಕರಿಸಿತು. ಜುಲೈನಲ್ಲಿ ಮೂಲ ಪೇಟೆಂಟ್ ಮುಗಿದು, ಬೇರೆ ಕಂಪನಿಗಳೂ ಅದನ್ನು ತಯಾರಿಸಲು ದಾರಿಯಾಯಿತು. ನನ್ನ ಮಟ್ಟಿಗೆ ಈ ಕ್ಷೇತ್ರದ ದೊಡ್ಡ ತಜ್ಞರ ಸಾಲಿನಲ್ಲಿ ಅವರಿಬ್ಬರ ಹೆಸರೂ ಇದೆ.

ಈಗ ಚಿಕಿತ್ಸೆ ಬಾಯಿಯ ಮೂಲಕವೇ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಬೆಡಾಕ್ವಿಲಿನ್, ಪ್ರಿಟೊಮಾನಿಡ್, ಲಿನೆಜೊಲಿಡ್, ಮಾಕ್ಸಿಫ್ಲಾಕ್ಸಸಿನ್ ಸೇರಿದ ಆರು ತಿಂಗಳ ಚಿಕಿತ್ಸಾಕ್ರಮಕ್ಕೆ ಒಪ್ಪಿಗೆ ಕೊಟ್ಟಿತು. ಮೊದಲು ಒಂದೂವರೆ ಎರಡು ವರ್ಷ ನುಂಗಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು 14 ತುಂಬಿದವರಿಗೆ ಶಿಫಾರಸು ಮಾಡಿದೆ. ತಜ್ಞರ ಕಣ್ಣು ಬೇಕಾಗುವುದು ಇಲ್ಲಿ. ಲಿನೆಜೊಲಿಡ್ ರಕ್ತ ಕುಗ್ಗಿಸಬಹುದು, ಕಾಲು ಜೋಮು ಹಿಡಿಸಬಹುದು, ದೃಷ್ಟಿಯ ನರಕ್ಕೆ ಪೆಟ್ಟು ಕೊಡಬಹುದು. ಬೆಡಾಕ್ವಿಲಿನ್‌ಗೆ ಇಸಿಜಿ ನೋಡುತ್ತಿರಬೇಕು. ‘ಅಕ್ಷರ ಮಂಜಾಗಿ ಕಾಣ್ತಿದೆ’ ಎಂದು ಹುಡುಗಿ ಹೇಳಿದ ದಿನವೇ ಕೇಳಿಸಿಕೊಳ್ಳುವವರು ಬೇಕು; ಅದು ತಾಲ್ಲೂಕು ಆಸ್ಪತ್ರೆಯಲ್ಲೇ ಆಗಬೇಕು. ಕ್ಲಿಷ್ಟ ಪ್ರಕರಣಗಳನ್ನು ಜಿಲ್ಲೆಯ ವೈದ್ಯರು ವಿಡಿಯೋ ಮೂಲಕ ರಾಜ್ಯದ, ರಾಷ್ಟ್ರದ ತಜ್ಞರೊಂದಿಗೆ ಚರ್ಚಿಸುವ ವ್ಯವಸ್ಥೆ ಕ್ಷಯ ಕಾರ್ಯಕ್ರಮದೊಳಗೆ ಇದೆ. ನಿಮ್ಮ ಮಗುವಿನ ಕೇಸನ್ನು ಅಲ್ಲಿಗೆ ಒಯ್ಯಿರಿ ಎಂದು ಕೇಳುವ ಹಕ್ಕು ನಿಮಗಿದೆ. ಹೊಸೂರಿನಲ್ಲಿ ಕೆಲಸಕ್ಕಿರಿ, ಗುಬ್ಬಿಯಲ್ಲಿ ಮನೆಯಿರಲಿ, ಸರ್ಕಾರದ ಕ್ಷಯ ದಾಖಲೆ ವ್ಯವಸ್ಥೆಯಾದ ನಿಕ್ಷಯ್‌ನ ನೋಂದಣಿ ಸಂಖ್ಯೆ ಒಂದೇ. ಚಿಕಿತ್ಸೆಯನ್ನು ಒಂದು ಊರಿಂದ ಇನ್ನೊಂದು ಊರಿಗೆ ವರ್ಗಾಯಿಸಬಹುದು. ಗೊಂದಲವಾದರೆ 1800-11-6666 ಎಂಬ ಉಚಿತ ಸಹಾಯವಾಣಿ ಇದೆ.

ಎಲ್ಲವೂ ಕ್ಷಯವೇ ಎಂದು ದಯವಿಟ್ಟು ತಿಳಿಯಬೇಡಿ. ಕಫದಲ್ಲಿ ರೋಗಾಣು ಸಿಗದೆಯೇ ಎರಡು ಸಲ ಕ್ಷಯದ ಮಾತ್ರೆ ತಿಂದ ಮಕ್ಕಳನ್ನು ನೋಡುತ್ತೇವೆ. ಪ್ರತಿ ಸಲವೂ ಎಕ್ಸ್‌ರೇಯಲ್ಲಿ ಅದೇ ಜಾಗದಲ್ಲಿ ನ್ಯುಮೋನಿಯಾ ಕಂಡರೆ ಉಸಿರುನಾಳದಲ್ಲಿ ಏನಾದರೂ ಸಿಕ್ಕಿಕೊಂಡಿರಬಹುದು, ಕಡಲೆಬೀಜ, ಪೆನ್ನಿನ ಮುಚ್ಚಳ. ಚಿಕ್ಕಂದಿನಿಂದ ಕೆಮ್ಮು, ಜೊತೆಗೆ ತೂಕ ಏರದಿರುವುದು, ಜಿಡ್ಡಿನ ಭೇದಿ ಇದ್ದರೆ ಸಿಸ್ಟಿಕ್ ಫೈಬ್ರೋಸಿಸ್ ಇರಬಹುದು. ಅದು ಬಿಳಿಯರ ಕಾಯಿಲೆ ಎಂಬ ಹಳೆಯ ನಂಬಿಕೆಯಿಂದ ನಮ್ಮ ಮಕ್ಕಳಲ್ಲಿ ಪತ್ತೆ ತಡವಾಗುತ್ತದೆ. ಬೆವರಿನ ಉಪ್ಪು ಅಳೆಯುವ ಸರಳ ಪರೀಕ್ಷೆ ಸಾಕು. ಹೃದಯ ಬಲಗಡೆ ಇದ್ದು, ಸೈನಸ್ಸೂ ಕೆಮ್ಮೂ ಬಿಡದಿದ್ದರೆ ಇನ್ನೊಂದು ಹುಟ್ಟು ದೋಷವನ್ನು ಹುಡುಕಬೇಕು. ಇಂಥ ಮಕ್ಕಳಿಗೆ ಒಮ್ಮೆ ದೊಡ್ಡ ಆಸ್ಪತ್ರೆಗೆ ಹೋಗಿಬರುವುದು ಅನಿವಾರ್ಯ. ಹೋಗುವ ಮುಂಚೆ ಹಳೆಯ ಫಿಲ್ಮುಗಳನ್ನು ತಾರೀಖಿನಂತೆ ಜೋಡಿಸಿಕೊಳ್ಳಿ. ಇವತ್ತಿನ ಒಂದು ಸಿಟಿ ಸ್ಕ್ಯಾನಿಗಿಂತ ಮೂರು ವರ್ಷದ ಹಳೆಯ ಎಕ್ಸ್‌ರೇಗಳು ಹೆಚ್ಚು ಹೇಳುತ್ತವೆ.

ಊಟದ ಬಗ್ಗೆ ಒಂದು ಮಾತು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಜಾರ್ಖಂಡಿನಲ್ಲಿ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅವರು ಕೊಟ್ಟದ್ದು ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆಯಂಥ ಸಾಮಾನ್ಯ ಪಡಿತರ. ರೋಗಿಯ ಮನೆಮಂದಿಗೆ ಹೆಚ್ಚುವರಿ ಪಡಿತರ ಕೊಟ್ಟಲ್ಲಿ ಹೊಸದಾಗಿ ಕ್ಷಯ ಬರುವುದು ಸುಮಾರು ಶೇ. 40ರಷ್ಟು ಕಡಿಮೆಯಾಯಿತು. ಮೊದಲೆರಡು ತಿಂಗಳಲ್ಲಿ ತೂಕ ಏರಿದ ರೋಗಿಗಳಲ್ಲಿ ಸಾವು ಕಡಿಮೆಯಿತ್ತು. ಸರ್ಕಾರ ಪೋಷಣೆಗೆಂದು ತಿಂಗಳಿಗೆ ಕೊಡುವ 500 ರೂಪಾಯಿ 2024ರ ನವೆಂಬರಿನಿಂದ 1000 ಆಗಿದೆ. ಬೆಳೆಯುವ ವಯಸ್ಸಿನ ಹುಡುಗನಿಗೆ ಅದು ಸಾಲದು. ಆದರೂ ಅದನ್ನು ಬಿಡದೆ ಪಡೆಯಿರಿ.

ಹುಡುಗಿಯರ ವಿಷಯ ಹೇಳದೆ ಮುಂದೆ ಹೋಗಲಾರೆ. ‘ನಾಳೆ ಮದುವೆಗೆ ತೊಂದರೆಯಾಗುತ್ತೆ, ಟಿಬಿ ಅಂತ ಬರೀಬೇಡಿ ಸಾರ್’ ಎಂದು ತಾಯಂದಿರು ಬೇಡಿಕೊಳ್ಳುತ್ತಾರೆ. ಅದಕ್ಕೇ ದೂರದ ಊರಿನ ಖಾಸಗಿ ವೈದ್ಯರನ್ನು ಹುಡುಕುತ್ತಾರೆ, ಮಾತ್ರೆಯನ್ನು ಅಕ್ಕಿ ಡಬ್ಬದಲ್ಲಿ ಅಡಗಿಸಿಡುತ್ತಾರೆ. ದೂರದೂರಿಗೆ ಅಲೆಯುವ ಈ ಪ್ರಯಾಣಕ್ಕೆ ಕಾರಣ ರೋಗಕ್ಕಿಂತ ಹೆಚ್ಚಾಗಿ ನಾವು, ಅಂದರೆ ನೆರೆಹೊರೆಯವರು. ಔಷಧ ಸರಿಯಾಗಿ ಹಿಡಿದ ಮೇಲೆ ಸಾಮಾನ್ಯ ಕ್ಷಯದಲ್ಲಿ ರೋಗ ಹರಡುವ ಶಕ್ತಿ ವಾರಗಳಲ್ಲೇ ಇಳಿಯುತ್ತದೆ. ವೈದ್ಯರು ಹೇಳಿದ ಮೇಲೆ ಆ ಹುಡುಗಿ ಶಾಲೆಗೆ ಬರಬಹುದು, ಹಾಸ್ಟೆಲಿನಲ್ಲಿ ಇರಬಹುದು, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಎಲ್ಲರ ಜೊತೆ ಕೂರಬಹುದು. ಹಾಜರಾತಿ ಕಡಿಮೆಯಾಯಿತೆಂದು ಅವಳ ಒಂದು ವರ್ಷ ಕಳೆಯಬೇಡಿ ಎಂದು ಇಲ್ಲಿರುವ ಮುಖ್ಯೋಪಾಧ್ಯಾಯರನ್ನು ಕೇಳಿಕೊಳ್ಳುತ್ತೇನೆ.

ಕೊನೆಯದಾಗಿ, ನಾವು ವೈದ್ಯರೇ ಇನ್ನೂ ಸರಿಯಾಗಿ ಕೈಹಾಕದ ಒಂದು ಕೆಲಸವಿದೆ. ಕಫದಲ್ಲಿ ರೋಗಾಣು ಇಲ್ಲವೆಂದಾದ ದಿನ ಕಾರ್ಡಿನ ಮೇಲೆ ‘ಗುಣಮುಖ’ ಎಂದು ಬರೆದು ಕಳಿಸಿಬಿಡುತ್ತೇವೆ. 16 ವರ್ಷದ ಆ ಹುಡುಗನ ಶ್ವಾಸಕೋಶದಲ್ಲಿ ಗುಳಿಗಳು ಹಾಗೇ ಇರುತ್ತವೆ, ನಾಳಗಳು ಹಿಗ್ಗಿರುತ್ತವೆ. ಮೆಟ್ಟಿಲು ಹತ್ತಿದರೆ ಏದುಸಿರು, ಚಳಿಗಾಲ ಬಂತೆಂದರೆ ಮತ್ತೆ ಕಫ. ಅವನಿಗೆ ಇನ್ನೂ ಐವತ್ತು ವರ್ಷ ಆ ಶ್ವಾಸಕೋಶದಿಂದಲೇ ಉಸಿರಾಡುವುದಿದೆ. ಚಿಕಿತ್ಸೆ ಮುಗಿದ ದಿನ ಅವನಿಗೊಂದು ಉಸಿರಿನ ಸಾಮರ್ಥ್ಯದ ಪರೀಕ್ಷೆ ಆಗಬೇಕು, ಕಫ ಇಳಿಸುವ ವ್ಯಾಯಾಮವನ್ನು ಕಲಿಸಿ ಕಳಿಸಬೇಕು. ಮುಂದೆ ಕೆಮ್ಮು ಬಂದಾಗ ಹಳೆಯ ಟಿಬಿ ಮರುಕಳಿಸಿತೆಂದು ಅಂದಾಜಿನಲ್ಲಿ ಮಾತ್ರೆ ಕೊಡದೆ ಮೊದಲು ಕಫ ನೋಡಬೇಕು. ಉಸಿರಿನ ಪರೀಕ್ಷೆಗೆ ಬೇಕಾದ ಸ್ಪೈರೋಮೀಟರ್ ದುಬಾರಿ ಯಂತ್ರವೇನಲ್ಲ. ಜಿಲ್ಲೆಯ ಪ್ರತಿ ತಾಲ್ಲೂಕು ಆಸ್ಪತ್ರೆಗೂ ಒಂದು ಕೊಡಿಸಿ, ಅದನ್ನು ಊದಿಸಲು ಒಬ್ಬ ತಂತ್ರಜ್ಞರಿಗೆ ತರಬೇತಿ ಕೊಡಿಸಿ ಎಂದು ವೇದಿಕೆಯ ಮೇಲಿರುವ ಜನಪ್ರತಿನಿಧಿಗಳನ್ನು ಕೇಳುತ್ತಿದ್ದೇನೆ. ತರಬೇತಿಯ ಹೊಣೆ ನಾನು ಹೊರುತ್ತೇನೆ.